ಕರಣೆ, ಬೋನ, ಮಣ್ಣು: ನಮ್ಮ ಕರಾವಳಿಯ ಚರ್ಮವಾದ್ಯಗಳ ಮೂಲ

ವಾದ್ಯಗಳ ಮೂಲವನ್ನು ಬರೀ ಹೆಸರಿನ ಬೆನ್ನು ಹತ್ತಿ ಹುಡುಕಿದರೆ ಬಹಳ ಬೇಗ ದಾರಿ ತಪ್ಪುತ್ತದೆ. ವೀಣೆಯನ್ನೇ ನೋಡಿ. ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ರಾಜ ನುಡಿಸುತ್ತಿರುವ ವೀಣೆ ಬಿಲ್ಲಿನಂತೆ ಬಾಗಿದೆ. ಅದಕ್ಕೆ ಮೆಟ್ಟಿಲುಗಳೇ ಇಲ್ಲ, ಸ್ವರಕ್ಕೊಂದು ತಂತಿ. ಇಂದು ನಾವು ಕಾಣುವ 24 ಮೆಟ್ಟಿಲಿನ ವೀಣೆ ರೂಪುಗೊಂಡದ್ದು 17ನೇ ಶತಮಾನದ ತಂಜಾವೂರಿನಲ್ಲಿ. ಎರಡೂ ವೀಣೆಯೇ. ಮೂಡಲಪಾಯ ಯಕ್ಷಗಾನದವರ ಮುಖವೀಣೆಯಲ್ಲಂತೂ ತಂತಿಯೇ ಇಲ್ಲ, ಅದು ಊದುವ ವಾದ್ಯ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೂ ಇಂಥದ್ದಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಡಮಾಮ್ ಬಾರಿಸಿ ಕುಣಿಯುತ್ತಾರೆ. ದಮಾಮ ಎಂಬುದು ಪರ್ಷಿಯನ್ ಪದ. ಮೊಗಲರ ನೌಬತ್ತಿನಲ್ಲಿ, ಅಂದರೆ ಅರಮನೆಯ ವಾದ್ಯಮೇಳದಲ್ಲಿ, ಅದು ಬೋಗುಣಿಯಾಕಾರದ, ಒಂದೇ ಬಾಯಿಯ ದೊಡ್ಡ ನಗಾರಿ. ಸಿದ್ದಿಗಳದ್ದೋ ಎರಡೂ ಕಡೆ ಚರ್ಮ ಬಿಗಿದ ಮರದ ಡೋಲು. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರ ಗೋವೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿದ ಜನರ ಕೈಯಲ್ಲಿ ಆ ಹೆಸರು ಇನ್ನೊಂದು ವಾದ್ಯಕ್ಕೆ ಅಂಟಿಕೊಂಡಿದೆ. ಹೆಸರನ್ನಷ್ಟೇ ನಂಬಿದರೆ ಸಿದ್ದಿಗಳ ಡೋಲಿಗೆ ದಿಲ್ಲಿಯ ಅರಮನೆಯನ್ನು ತವರು ಎನ್ನಬೇಕಾಗುತ್ತದೆ. ವಾದ್ಯದ ಒಡಲನ್ನೂ ಕಟ್ಟಿದ ಕ್ರಮವನ್ನೂ ನೋಡಿದವರು ಹಾಗೆ ಹೇಳುವುದಿಲ್ಲ.

ಹಾಗಾಗಿ ಈ ಬರಹದಲ್ಲಿ ಹೆಸರುಗಳ ಜೊತೆಗೆ ಚರ್ಮ, ಮಣ್ಣು, ಮರ, ಅನ್ನ, ಬೂದಿಗಳನ್ನೂ ಇಟ್ಟುಕೊಂಡಿದ್ದೇನೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿ, ಮೇಲೆ ಶಿರಸಿ ಸಿದ್ದಾಪುರದ ಮಲೆನಾಡು, ಇಷ್ಟರೊಳಗೇ ಮೂರು ಚರ್ಮವಾದ್ಯಗಳು ಒಂದೇ ಸಮಸ್ಯೆಯನ್ನು ಮೂರು ಬಗೆಯಲ್ಲಿ ಬಿಡಿಸಿಕೊಂಡಿವೆ. ಮಣ್ಣಿನ ಗಡಿಗೆಯ ಗುಮಟೆ, ಯಕ್ಷಗಾನದ ಮದ್ದಳೆ ಮತ್ತು ಚಂಡೆ.

ಸಮಸ್ಯೆ ಇದು. ತಂತಿಯನ್ನು ಮೀಟಿದರೆ ಅದರ ಮೂಲಸ್ವರದ ಜೊತೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳು ಹುಟ್ಟುತ್ತವೆ. ಅವು ಒಂದಕ್ಕೊಂದು ಹೊಂದುವುದರಿಂದ ಕಿವಿಗೆ ಒಂದು ಶ್ರುತಿ ಸ್ಪಷ್ಟವಾಗಿ ಕೇಳುತ್ತದೆ. ದುಂಡು ಬಾಯಿಗೆ ಬಿಗಿದ ಬರಿ ಚರ್ಮ ಹಾಗಲ್ಲ. ಅದರ ಉಪಸ್ವರಗಳು ಮೂಲದ 1.59 ಪಟ್ಟು, 2.14 ಪಟ್ಟು, 2.30 ಪಟ್ಟು, 2.65 ಪಟ್ಟು ಹೀಗೆ ಬರುತ್ತವೆ. ಒಂದಕ್ಕೊಂದು ಲೆಕ್ಕವಿಲ್ಲ. ಆದ್ದರಿಂದ ಬರಿ ಚರ್ಮ ಸದ್ದು ಕೊಡುತ್ತದೆ, ಸ್ವರ ಕೊಡುವುದಿಲ್ಲ. ಭಾಗವತರು ಷಡ್ಜದಲ್ಲಿ ನಿಂತಾಗ ಪಕ್ಕದಲ್ಲಿ ಹೊಂದುವ ಸ್ವರ ಬೇಕೆಂದರೆ ಚರ್ಮಕ್ಕೆ ಏನಾದರೂ ಮಾಡಲೇಬೇಕು.

ಏನು ಮಾಡಿದರು ಎಂಬುದಕ್ಕೆ ನಮ್ಮಲ್ಲಿರುವ ಹಳೆಯ ಲಿಖಿತ ದಾಖಲೆ ನಾಟ್ಯಶಾಸ್ತ್ರದ ಅವನದ್ಧ, ಅಂದರೆ ಚರ್ಮ ಬಿಗಿದ, ವಾದ್ಯಗಳ ಅಧ್ಯಾಯ. ಅಲ್ಲಿನ ಕಥೆ ಬಹಳ ಜನರಿಗೆ ಗೊತ್ತು. ಸ್ವಾತಿ ಎಂಬ ಋಷಿ ಅನಧ್ಯಯನದ ದಿನ ನೀರು ತರಲು ಸರೋವರಕ್ಕೆ ಹೋಗುತ್ತಾನೆ, ಮಳೆ ಸುರಿಯುತ್ತದೆ, ದೊಡ್ಡ, ನಡುವಣ, ಸಣ್ಣ ತಾವರೆ ಎಲೆಗಳ ಮೇಲೆ ಹನಿ ಬಿದ್ದು ಬೇರೆ ಬೇರೆ ದನಿ ಕೇಳುತ್ತದೆ. ಆಶ್ರಮಕ್ಕೆ ಮರಳಿ ವಿಶ್ವಕರ್ಮನ ನೆರವಿನಿಂದ ಮೃದಂಗ, ಪುಷ್ಕರಗಳನ್ನು ಮಾಡುತ್ತಾನೆ. ಕಥೆ ಚೆನ್ನಾಗಿದೆ. ಆದರೆ ಅದಕ್ಕಿಂತ ಬೆಲೆಬಾಳುವ ಭಾಗ ಅದೇ ಅಧ್ಯಾಯದಲ್ಲಿ ಮುಂದೆ ಬರುತ್ತದೆ, ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಶ್ರುತಿ ಮಾಡಲು ಚರ್ಮಕ್ಕೆ ಯಾವ ಮಣ್ಣು ಬಳಿಯಬೇಕು ಎಂಬ ವಿವರ ಅದು. ಹೊಳೆಯ ದಂಡೆಯ ಕಪ್ಪು ಮಣ್ಣಾಗಿರಬೇಕು, ಮೆತ್ತಗಿರಬೇಕು, ನೀರು ಬಿಟ್ಟುಕೊಡುವಂತಿರಬೇಕು. ಹರಳು, ಮರಳು, ಹುಲ್ಲು, ಹೊಟ್ಟು ಇರಕೂಡದು. ಉಪ್ಪು ಮಣ್ಣು, ಬಿಳಿ ಮಣ್ಣು ಆಗದು. ಅಂಥ ಮಣ್ಣು ಸಿಗದಿದ್ದರೆ ಗೋಧಿ ಅಥವಾ ಜವೆಯ ಹಿಟ್ಟು. ಆದರೆ ಹಿಟ್ಟಿನಿಂದ ದನಿ ಏಕತಾನವಾಗುತ್ತದೆ ಎಂಬ ಎಚ್ಚರಿಕೆಯೂ ಇದೆ. ಕೈಯಿಂದ ಮಾಡಿ ನೋಡಿದವರಲ್ಲದೆ ಬೇರೆ ಯಾರೂ ಹೀಗೆ ಬರೆಯಲಾರರು.

ಮೃದಂಗ ಎಂದರೆ ಮಣ್ಣಿನ ಅಂಗ, ಹಿಂದೆ ಅದರ ಒಡಲು ಮಣ್ಣಿನದಾಗಿತ್ತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಚರ್ಮಕ್ಕೆ ಬಳಿಯುವ ಮಣ್ಣಿನಿಂದಲೇ ಆ ಹೆಸರು ಎನ್ನುವವರೂ ಇದ್ದಾರೆ. ಹೇಗೇ ಇರಲಿ, ಚರ್ಮದ ನಡುವೆ ಭಾರ ಕೂರಿಸಿ ಸ್ವರ ತೆಗೆಯುವ ಉಪಾಯ ಅಷ್ಟು ಹಿಂದೆಯೇ ಗೊತ್ತಿತ್ತು. ನನ್ನ ಮಟ್ಟಿಗೆ ನಮ್ಮ ದೇಶದ ಚರ್ಮವಾದ್ಯಗಳ ನಿಜವಾದ ಮೂಲ ಅದೇ. ಆ ಮಣ್ಣಿನ ಜಾಗದಲ್ಲಿ ಇಂದು ಮದ್ದಳೆಯ ಬಲಗಡೆ ಕರಣೆ ಎಂಬ ಕಪ್ಪು ಬಿಲ್ಲೆ ಇದೆ, ಎಡಗಡೆ ಬೋನ ಎಂಬ ಅನ್ನದ ಲೇಪ ಇದೆ.

ಭಾರ ಕೂರಿಸಿದರೆ ಸ್ವರ ಏಕೆ ಬರುತ್ತದೆ ಎಂಬುದನ್ನು ಅಳೆದು ತೋರಿಸಿದವರು ಸಿ.ವಿ. ರಾಮನ್. 1920ರಲ್ಲಿ ಒಂದು ಸಣ್ಣ ಟಿಪ್ಪಣಿ, 1934ರಲ್ಲಿ ವಿವರವಾದ ಪ್ರಬಂಧ. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ಬಾರಿಸಿದಾಗ ಅದು ಎಲ್ಲೆಲ್ಲಿ ಸಾಲುಗಟ್ಟಿ ನಿಲ್ಲುತ್ತದೆ ಎಂದು ನೋಡಿದರು. ನಡುವಿನ ಕಪ್ಪು ಭಾರದಿಂದಾಗಿ ಚರ್ಮದ ಮೊದಲ ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಾಗಿ ಕೂಡಿಕೊಳ್ಳುತ್ತವೆ, ಆ ಐದೂ 1, 2, 3, 4, 5ರ ಲೆಕ್ಕದಲ್ಲಿ ನಿಲ್ಲುತ್ತವೆ ಎಂದು ಕಂಡುಕೊಂಡರು. ಅಂದರೆ ಚರ್ಮ ತಂತಿಯ ಹಾಗೆ ವರ್ತಿಸತೊಡಗುತ್ತದೆ.

ಇನ್ನು ಕರಣೆ ಹಾಕುವ ಕೆಲಸ. ಬಾಯಿಮಾತಿನಲ್ಲಿ ಇದನ್ನು ಕರ್ಣ ಎನ್ನುವವರೂ ಇದ್ದಾರೆ. ಬಲಮುಚ್ಚಿಗೆಯಲ್ಲಿ, ಅಂದರೆ ಬಲಬಾಯಿಯ ಹೊದಿಕೆಯಲ್ಲಿ, ಚರ್ಮ ಒಂದೇ ಅಲ್ಲ. ನಡುವೆ ಪೂರ್ತಿ ಹರಡಿದ ಆಡಿನ ಚರ್ಮ, ಅದರ ಅಂಚಿಗೆ ಬಳೆಯ ಹಾಗೆ ಕತ್ತರಿಸಿದ ದಪ್ಪ ಚರ್ಮ. ಇವನ್ನು ಬಾರಿನ ಹೆಣಿಗೆಯೊಳಗೆ ಸೇರಿಸಿ ಬಿಗಿಯುತ್ತಾರೆ. ಮೃದಂಗದ ಹೆಣಿಗೆಯಲ್ಲಿ ಸಾಮಾನ್ಯವಾಗಿ 16 ಕಣ್ಣುಗಳಿರುತ್ತವೆ, ಬಾರು ಅವುಗಳ ಮೂಲಕ ಎರಡು ಮುಚ್ಚಿಗೆಗಳ ನಡುವೆ ಓಡಾಡುತ್ತದೆ. ಕರಣೆ ಬರುವುದು ನಡುವಿನ ಆಡಿನ ಚರ್ಮದ ಮೇಲೆ.

ಬೇಕಾದದ್ದು ಎರಡೇ ವಸ್ತು. ಕಬ್ಬಿಣದ ಕಿಟ್ಟ ಮತ್ತು ಅನ್ನ. ಕಿಟ್ಟವನ್ನು ಕುಟ್ಟಿ, ಅರೆದು, ತೆಳು ಬಟ್ಟೆಯಲ್ಲಿ ಸೋಸಿ ತೀರಾ ನುಣ್ಣಗೆ ಮಾಡಬೇಕು. ಅನ್ನ ಮೆತ್ತಗೆ ಬೆಂದಿರಬೇಕು, ಗಂಜಿಯ ನೀರು ಬಸಿದಿರಬೇಕು. ಅನ್ನವನ್ನು ಕಲ್ಲಿನ ಮೇಲೆ ಅಗುಳು ಕಾಣದಂತೆ ತಿಕ್ಕಿ, ಕಿಟ್ಟದ ಪುಡಿ ಸೇರಿಸುತ್ತ ನಾದಿದರೆ ಕಪ್ಪನೆಯ ಕಣಕವಾಗುತ್ತದೆ. ಬೆರಳಿಗೆ ಅಂಟಬೇಕು, ಆದರೆ ಎಳೆಯಾಗಿ ಜಗ್ಗಬಾರದು. ಜಗ್ಗಿದರೆ ಅನ್ನ ಹೆಚ್ಚಾಗಿದೆ, ಒಣಗಿದ ಮೇಲೆ ಕುಗ್ಗಿ ಚರ್ಮವನ್ನೇ ಸುಕ್ಕು ಮಾಡುತ್ತದೆ. ಬಿರುಕು ಬಿಟ್ಟು ಉದುರಿದರೆ ಕಿಟ್ಟ ಹೆಚ್ಚು.

ಚರ್ಮವನ್ನು ಮೊದಲೇ ಅರ್ಧ ಬಿಗಿಗೆ ತಂದಿರಬೇಕು. ಸಡಿಲ ಚರ್ಮದ ಮೇಲೆ ಹಾಕಿದ ಕರಣೆ ಆಮೇಲೆ ಬಿಗಿದಾಗ ಸೀಳುತ್ತದೆ. ನಡುವಿನ ವೃತ್ತವನ್ನು ಗುರುತು ಮಾಡಿ, ಅಲ್ಲಿನ ಚರ್ಮವನ್ನು ತುಸು ಕೆರೆದು ಒರಟು ಮಾಡಿ, ಬರಿ ಅನ್ನದ ಅಂಟನ್ನು ತೆಳ್ಳಗೆ ಬಳಿಯುತ್ತಾರೆ. ಅದರ ಮೇಲೆ ಕಣಕದ ಮೊದಲ ಪದರ, ಕಾಗದಕ್ಕಿಂತ ದಪ್ಪವಾಗದಂತೆ. ಸ್ವಲ್ಪ ಆರಿದ ಕೂಡಲೇ ನುಣುಪಾದ ಹೊಳೆಗಲ್ಲಿನಿಂದ ತಿಕ್ಕಲು ಶುರು. ಸಣ್ಣ ಸಣ್ಣ ಸುತ್ತು, ಒತ್ತಿ, ಬಿಡದೆ. ಈ ತಿಕ್ಕುವಿಕೆಯೇ ಇಡೀ ಕೆಲಸದ ಪ್ರಾಣ. ತಿಕ್ಕಿದ ಬಿಸಿಗೆ ಪದರ ಒಣಗುತ್ತದೆ, ಗಟ್ಟಿಯಾಗುತ್ತದೆ, ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳ ಬಲೆ ಮೂಡುತ್ತದೆ. ಆ ಬಿರುಕುಗಳಿಂದಾಗಿ ಕಪ್ಪು ಬಿಲ್ಲೆ ಗಟ್ಟಿ ತುಂಡಾಗಿ ಉಳಿಯದೆ ಚರ್ಮದ ಜೊತೆ ಬಾಗುತ್ತದೆ. ಭಾರ ಇರಬೇಕು, ಬಿಗುಪು ಇರಬಾರದು. ಹೊಸಬರು ಎಡವುವುದು ಇಲ್ಲೇ. ಬೇಗ ಮುಗಿಯಲೆಂದು ನಾಲ್ಕು ದಪ್ಪ ಪದರ ಹಾಕಿ ಬಿಸಿಲಿಗಿಟ್ಟರೆ ನೋಡಲು ಅಚ್ಚುಕಟ್ಟಾದ ಕರಣೆ ಸಿಗುತ್ತದೆ, ಬಾರಿಸಿದರೆ ಹಲಗೆ ತಟ್ಟಿದ ಸದ್ದು.

ಹೀಗೆ ಹತ್ತಾರು ಪದರ. ಕೆಳಗಿನವು ಅಗಲ, ಮೇಲಕ್ಕೆ ಹೋದಂತೆ ಕಿರಿದು. ಹಾಗಾಗಿ ನಡು ದಪ್ಪ, ಅಂಚು ತೆಳು. ಪ್ರತಿ ಪದರಕ್ಕೂ ಬಾರಿಸಿ ಕೇಳುತ್ತ ಹೋಗಬೇಕು. ಭಾರ ಏರಿದಂತೆ ಶ್ರುತಿ ಇಳಿಯುತ್ತದೆ, ಜೊತೆಗೆ ದನಿ ತುಂಬಿಕೊಳ್ಳುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದು ಅಳತೆಪಟ್ಟಿಯಿಂದ ತಿಳಿಯುವುದಿಲ್ಲ, ಕಿವಿಯೇ ಹೇಳಬೇಕು. ಕೆಲವು ಕಾಲ ಬಾರಿಸಿದ ಮೇಲೆ ಅಂಚಿನಿಂದ ಕಣಗಳು ಉದುರತೊಡಗುತ್ತವೆ, ಪೆಟ್ಟಿನ ಜೊತೆ ಜರ್ ಎಂಬ ಸದ್ದು ಸೇರುತ್ತದೆ. ಆಗ ಮೇಲೆ ತೇಪೆ ಹಾಕುವುದರಿಂದ ಹೆಚ್ಚು ದಿನ ಬಾಳುವುದಿಲ್ಲ. ಪೂರ್ತಿ ಕೆರೆದು ಹೊಸದಾಗಿ ಹಾಕುವುದೇ ಸರಿ.

ಎಡಮುಚ್ಚಿಗೆಗೆ ಬೋನ. ಅನ್ನವನ್ನೂ ಸೋಸಿದ ಬೂದಿಯನ್ನೂ ಕಲಸಿ ನಾದಿ, ಯಕ್ಷಗಾನದ ಆಟ ಶುರುವಾಗುವ ಮುಂಚೆ ಹಚ್ಚಿ, ಆಟ ಮುಗಿದ ಮೇಲೆ ಕೆರೆದು ತೆಗೆಯುವ ತಾತ್ಕಾಲಿಕ ಭಾರ ಅದು. ಬರಿ ಅನ್ನ ಸಾಲದೇ ಎಂದರೆ ಸಾಲದು. ಅನ್ನ ಬಹಳ ಅಂಟು, ಒಣಗಿದರೆ ಬಿಲ್ಲೆಯಾಗಿ ಸಿಡಿದು ಹೋಗುತ್ತದೆ. ಬೂದಿ ಅಂಟನ್ನು ಹದಕ್ಕೆ ತರುತ್ತದೆ, ತೂಕವನ್ನೂ ಕೊಡುತ್ತದೆ. ಮೃದಂಗದವರು ಇದೇ ಜಾಗಕ್ಕೆ ರವೆ ಕಲಸಿ ಹಚ್ಚುತ್ತಾರೆ, ಉತ್ತರದ ಪಖವಾಜಿನವರು ಗೋಧಿಹಿಟ್ಟು. ನಾಟ್ಯಶಾಸ್ತ್ರ ಹೇಳಿದ ಗೋಧಿ, ಜವೆಯ ಬದಲಿ ಉಪಾಯ ಇಂದಿಗೂ ಬಿಟ್ಟುಹೋಗಿಲ್ಲ.

ಬೋನದ ವಿಷಯದಲ್ಲಿ ಒಂದು ಶಿಸ್ತು ತಪ್ಪಬಾರದು. ಬೆಳಗಿನ ಜಾವ ಮಂಗಳ ಹಾಡಿ ಸುಸ್ತಾಗಿ ಮಲಗುವ ಆತುರದಲ್ಲಿ ಬೋನ ಕೆರೆಯದೆ ಬಿಟ್ಟರೆ ಮರುದಿನಕ್ಕೆ ಅದು ಹುಳಿಯುತ್ತದೆ, ಚರ್ಮ ಮೆತ್ತಗಾಗುತ್ತದೆ, ಜಿರಳೆ ಮತ್ತು ಇಲಿ ಬರುತ್ತವೆ. ಇಲಿ ಬೋನವನ್ನಷ್ಟೇ ತಿಂದು ಹೋಗುವುದಿಲ್ಲ. ಹದವೂ ಮುಖ್ಯ. ನೀರು ಹೆಚ್ಚಾದರೆ ಎಡದ ದನಿ ತೊಪ್ಪೆಂದು ಕುಸಿಯುತ್ತದೆ, ಗಟ್ಟಿಯಾದರೆ ಮೊದಲ ಪ್ರಸಂಗ ನಡೆಯುವಾಗಲೇ ಎದ್ದುಬರುತ್ತದೆ. ಫ್ಯಾನ್ ಗಾಳಿಗೆ ನೇರವಾಗಿ ಕೂತರೆ ಬೋನ ಬೇಗ ಒಣಗುತ್ತದೆ, ಆಗ ಬೆರಳು ತೇವ ಮಾಡಿ ಮೇಲೆ ಸವರಿಕೊಳ್ಳಬೇಕು.

ಮದ್ದಳೆ ಎಂಬ ಹೆಸರು ಸಂಸ್ಕೃತದ ಮರ್ದಲಕ್ಕೆ ಹತ್ತಿರದ್ದು, ಕೇರಳದ ಮದ್ದಳಂ ಕೂಡ ಅದೇ ಬಳಗ. ಆದರೆ ಕೇರಳದ ಮದ್ದಳಂ ಸೊಂಟಕ್ಕೆ ಕಟ್ಟಿಕೊಳ್ಳುವ ಭಾರಿ ವಾದ್ಯ, ನಮ್ಮ ಯಕ್ಷಗಾನದ್ದು ಕೂತು ಮಡಿಲಲ್ಲಿಟ್ಟು ಬಾರಿಸುವಂಥದ್ದು. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಎತ್ತರದ ಶ್ರುತಿಯ ಏರು ಮದ್ದಳೆಯನ್ನು ರೂಢಿಗೆ ತಂದವರು ಹಿರಿಯಡಕ ಗೋಪಾಲರಾಯರು ಎಂದು ಹಿಮ್ಮೇಳದವರು ಗೌರವದಿಂದ ನೆನೆಯುತ್ತಾರೆ.

ಗುಮಟೆಯಲ್ಲಿ ಕರಣೆಯೂ ಇಲ್ಲ, ಬೋನವೂ ಇಲ್ಲ. ಇಲ್ಲಿ ಸ್ವರ ಕೊಡುವುದು ಗಾಳಿ. ಮಣ್ಣಿನ ಗಡಿಗೆ, ಎರಡೂ ಕಡೆ ಬಾಯಿ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ತೆರೆದೇ ಇರುತ್ತದೆ. ಹಗ್ಗದಿಂದ ಕುತ್ತಿಗೆಗೆ ತೂಗುಹಾಕಿಕೊಂಡು, ಬಲಗೈಯಿಂದ ಚರ್ಮಕ್ಕೆ ಪೆಟ್ಟು ಹಾಕುತ್ತ ಎಡ ಅಂಗೈಯಿಂದ ಸಣ್ಣ ಬಾಯಿಯನ್ನು ಮುಚ್ಚಿ ತೆರೆಯುತ್ತಾರೆ. ತೆರೆದಿಟ್ಟು ಹೊಡೆದರೆ ಗಡಿಗೆಯೊಳಗಿನ ಗಾಳಿ ಗುಂ ಎಂದು ಮೊಳಗುತ್ತದೆ. ಮುಚ್ಚಿ ಹೊಡೆದರೆ ದನಿ ಮೊಟಕಾಗುತ್ತದೆ. ಹೊಡೆದ ಮರುಕ್ಷಣ ಅಂಗೈಯನ್ನು ಮೆಲ್ಲನೆ ಸರಿಸಿದರೆ ದನಿ ಜಾರಿ ಏರುತ್ತದೆ. ಬಾಯಿ ಅಗಲವಾದಷ್ಟು ಗಾಳಿಯ ಸ್ವರ ಏರುತ್ತದೆ, ಹೊಟ್ಟೆ ದೊಡ್ಡದಾದಷ್ಟು ಇಳಿಯುತ್ತದೆ. ಹೀಗಾಗಿ ಗುಮಟೆಯ ಶ್ರುತಿಯ ಅರ್ಧ ಭಾಗ ಕುಂಬಾರರ ತಿಗರಿಯ ಮೇಲೆಯೇ ತೀರ್ಮಾನವಾಗಿರುತ್ತದೆ. ಚರ್ಮ ಕಟ್ಟುವವರು ಅದನ್ನು ಬದಲಿಸಲಾರರು.

ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತಕ್ಕೆ, ಹೋಳಿಯ ಹೊತ್ತಿಗೆ, ತುರಾಯಿ ಕಟ್ಟಿದ ತಂಡ ಮನೆ ಮನೆಗೆ ಬರುವಾಗ ಗುಮಟೆ ಮುಂದಿರುತ್ತದೆ. ಕಾಳಿ ನದಿ ದಾಟಿ ಗೋವೆಗೆ ಹೋದರೆ ಇದೇ ವಾದ್ಯ ಘುಮಟ್ ಆಗುತ್ತದೆ. ಅಲ್ಲಿ ಗಣೇಶನ ಆರತಿಗೂ ಬೇಕು, ಕ್ರೈಸ್ತರ ಮಾಂಡೋ ಹಾಡಿಗೂ ಬೇಕು. ಶಾಮೇಳ್ ಎಂಬ ಇನ್ನೊಂದು ಚರ್ಮವಾದ್ಯ, ಕಾಂಸಾಳೆಂ ಎಂಬ ತಾಳ ಅದಕ್ಕೆ ಜೊತೆ. 2019ರಲ್ಲಿ ಗೋವಾ ಸರಕಾರ ಘುಮಟ್ ಅನ್ನು ತನ್ನ ಪಾರಂಪರಿಕ ವಾದ್ಯವೆಂದು ಸಾರಿತು. ತೆಲುಗು ನಾಡಿನ ಬುರ್ರಕಥೆಯವರ ಗುಮ್ಮೆಟ ಕೂಡ ಹೆಸರಿನಲ್ಲೂ ಗುಣದಲ್ಲೂ ಇದರ ನೆಂಟ. ಒಂದೇ ಹೆಸರು, ಒಂದೇ ಒಡಲು, ಮೂರು ಭಾಷೆ. ಹೆಸರೂ ಒಡಲೂ ಹೀಗೆ ಕೂಡಿಯೇ ಊರೂರು ದಾಟಿರುವುದು ಅಪರೂಪ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಹಾಲಕ್ಕಿ ಹಾಡುಗಳನ್ನು ನಾಡು ಕಿವಿಗೊಟ್ಟು ಕೇಳಿತು. ಹಾಡಿನಷ್ಟೇ ಗಮನ ಆ ಹಾಡಿನ ವಾದ್ಯ ಮಾಡುವ ಕುಂಬಾರರ ಕೈಗೂ ಸಲ್ಲಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಒಳ್ಳೆಯ ಗುಮಟೆಗೆ ಬೇಕಾದ ಮೊದಲ ಲಕ್ಷಣ ದೊಡ್ಡ ಬಾಯಿಯ ಅಂಚು. ಅದು ಹೊರಕ್ಕೆ ಮಡಚಿರಬೇಕು, ಇಲ್ಲದಿದ್ದರೆ ಚರ್ಮ ಒಣಗಿ ಕುಗ್ಗುವಾಗ ಕಟ್ಟಿದ ದಾರ ಜಾರಿ ಮೇಲೆ ಬರುತ್ತದೆ. ಅಂಚು ಚೂಪಾಗಿದ್ದರೆ ಚರ್ಮವನ್ನು ಕೊಯ್ಯುತ್ತದೆ, ಆದ್ದರಿಂದ ಕಟ್ಟುವ ಮುಂಚೆ ಕಲ್ಲಿನಿಂದ ಉಜ್ಜಿ ದುಂಡಗೆ ಮಾಡಿಕೊಳ್ಳಬೇಕು. ಗಡಿಗೆಯ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು. ಒಂದು ಬದಿ ದಪ್ಪ, ಒಂದು ಬದಿ ತೆಳು ಆದರೆ ಆವಿಗೆಯಲ್ಲೇ ಸೀಳು ಬೀಳುತ್ತದೆ. ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕಣ್ಣಿಗೆ ಕಾಣದ ಸೀಳಿದ್ದರೂ ಠಣ್ ಎನ್ನುವ ಬದಲು ಒಡಕು ದನಿ ಬರುತ್ತದೆ.

ಚರ್ಮ ಕಟ್ಟುವುದು ಹೀಗೆ. ಎಳೆಯ ಆಡಿನ ತೆಳು ಚರ್ಮ ಆರಿಸಿ, ಕೂದಲು ತೆಗೆದು, ಒಳಮೈಯ ಕೊಬ್ಬನ್ನು ಪೂರ್ತಿ ಕೆರೆದು, ರಾತ್ರಿ ನೀರಿನಲ್ಲಿ ನೆನೆಹಾಕಬೇಕು. ಬೆನ್ನುಮೂಳೆಯ ಗೆರೆ ಚರ್ಮದಲ್ಲಿ ದಪ್ಪವಾಗಿರುತ್ತದೆ. ಆ ಗೆರೆ ಬಾಯಿಯ ಸರಿ ನಡುವೆ ಹಾದುಹೋಗುವಂತೆ ಹಾಸಿದರೆ ಎರಡೂ ಪಕ್ಕ ಸಮನಾಗಿ ಬಿಗಿಯುತ್ತವೆ. ಗೆರೆ ಒಂದು ಬದಿಗೆ ಬಿದ್ದರೆ ಶ್ರುತಿ ಎಂದಿಗೂ ಸೇರುವುದಿಲ್ಲ, ಒಂದು ಅಂಚಿನಲ್ಲಿ ಒಂದು ಸ್ವರ, ಇನ್ನೊಂದರಲ್ಲಿ ಇನ್ನೊಂದು. ಇಬ್ಬರು ಸುತ್ತಲೂ ಎಳೆದು ಹಿಡಿದಾಗ ಮತ್ತೊಬ್ಬರು ಮಡಚಿದ ಅಂಚಿನ ಕೆಳಗೆ ದಾರವನ್ನು ಒತ್ತೊತ್ತಾಗಿ ಸುತ್ತುತ್ತಾರೆ. ಹಸಿ ಚರ್ಮ ಸುಕ್ಕಿಲ್ಲದೆ ಕೂತರೆ ಸಾಕು, ಜಗ್ಗಿ ಬಿಗಿಯಬಾರದು. ಒಣಗುವಾಗ ಅದು ತಾನಾಗಿ ಕುಗ್ಗುತ್ತದೆ. ಮೊದಲೇ ಬಿಗಿದಿದ್ದರೆ ಚರ್ಮ ಹರಿಯುತ್ತದೆ, ಇಲ್ಲವೇ ಮಣ್ಣಿನ ಅಂಚೇ ಒಡೆಯುತ್ತದೆ. ಮೊದಲು ನೆರಳು, ಪೂರ್ತಿ ಗಟ್ಟಿಯಾದ ಮೇಲೆ ಎಳೆಬಿಸಿಲು. ನೇರ ಬಿಸಿಲಿಗಿಟ್ಟರೆ ಅಂಚು ನಡುವಿಗಿಂತ ಬೇಗ ಒಣಗಿ ದಾರದ ಗುಂಟ ಹರಿದುಬರುತ್ತದೆ.

ಹಿಂದೆ ಗುಮಟೆಗೆ ಉಡದ ಚರ್ಮ ಹಾಕುತ್ತಿದ್ದರು. ಅದು ತೆಳು, ಕೊಬ್ಬಿಲ್ಲದ್ದು, ತುಸು ಕಾಯಿಸಿದರೆ ಬಿಗಿಯಾಗಿ ಬಹಳ ಹೊತ್ತು ಹಾಗೇ ನಿಲ್ಲುವಂಥದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಉಡ ಇದೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಹಳೆಯ ದನಿ ಬರಬೇಕಾದರೆ ಉಡವೇ ಬೇಕು ಎಂಬ ಮಾತು ಈಗಲೂ ಅಲ್ಲಲ್ಲಿ ಕೇಳುತ್ತದೆ. ಆ ಹಟ ಬಿಡಬೇಕು. ಆಡಿನ ಚರ್ಮವನ್ನು ಒಳಮೈಯಿಂದ ಸಮನಾಗಿ ಕೆರೆದು ತೆಳು ಮಾಡಿದರೆ ದನಿಯ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ಉಳಿಯುವುದು ಒಂದೇ ತೊಂದರೆ, ಅದನ್ನು ಆಗಾಗ ಕಾಯಿಸಬೇಕು.

ಕಾಯಿಸುವುದಕ್ಕೂ ಕ್ರಮವಿದೆ. ಹುಲ್ಲಿನ ಉರಿಯಿಂದ ಒಂದು ಮೊಳ ದೂರ, ಚರ್ಮದ ಮುಖ ಉರಿಯ ಕಡೆ, ಗಡಿಗೆಯನ್ನು ತಿರುಗಿಸುತ್ತಲೇ ಇರಬೇಕು. ಒಂದೇ ಕಡೆ ಹಿಡಿದರೆ ಚರ್ಮ ಗರಿಯಾಗಿ ಸೀಳುತ್ತದೆ. ತಣ್ಣಗಿದ್ದ ಗಡಿಗೆಯನ್ನು ಒಮ್ಮೆಲೇ ಉರಿಗೆ ಒಡ್ಡಿದರೆ ಮಣ್ಣು ಸೀಳುತ್ತದೆ. ಶಿರಸಿಯ ಹೋಳಿಯಲ್ಲಿ ಬೇಡರ ವೇಷಕ್ಕೆ ತಮಟೆ ಬಾರಿಸುವವರು ಬೀದಿ ಬದಿಯಲ್ಲಿ ಕಾಗದ, ಹುಲ್ಲು ಉರಿಸಿ ತಮಟೆ ಕಾಯಿಸುವುದೂ ಇದೇ ಕಾರಣಕ್ಕೆ. ಈಗ ಅವರಲ್ಲಿ ಬಹಳಷ್ಟು ಜನ ಫೈಬರ್ ತಮಟೆಗೆ ಹೊರಳಿದ್ದಾರೆ.

ಚಂಡೆಯ ಉತ್ತರ ಮೂರನೆಯದು. ಅದಕ್ಕೆ ಭಾರವೂ ಬೇಡ, ಗಾಳಿಯ ಬಾಯಿಯೂ ಬೇಡ. ಹಲಸಿನ ಮರದ ಕೊಳವೆ, ಬಳೆಗೆ ಸುತ್ತಿದ ದನದ ಚರ್ಮ, ಎರಡೂ ತುದಿಗೆ ಹೆಣೆದ ಹಗ್ಗ, ಮಿತಿ ಮುಟ್ಟುವವರೆಗೂ ಬಿಗಿ. ಎರಡು ಸಪೂರ ಕೋಲುಗಳಿಂದ ಒಂದೇ ಮುಖಕ್ಕೆ ಪೆಟ್ಟು. ಮೈಕು ಇಲ್ಲದ ಕಾಲದಲ್ಲಿ ಕೊಯ್ಲಾದ ಗದ್ದೆಯ ಆಟದ ಸುದ್ದಿಯನ್ನು ಪಕ್ಕದ ಊರಿಗೆ ಮುಟ್ಟಿಸುತ್ತಿದ್ದದ್ದೇ ಚಂಡೆ. ದೂರಕ್ಕೆ ಹೋಗುವುದು ಅದರ ಕೆಲಸ, ಅದಕ್ಕೆ ಬೇಕಾದದ್ದು ಬಿಗಿ. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಹೆಗಲಿಗೆ ತೂಗುಹಾಕಿ ನಿಂತು ಬಾರಿಸುತ್ತಾರೆ, ನಮ್ಮ ಬಡಗಿನಲ್ಲಿ ಮುಂದಿಟ್ಟು ಕೂತು. ಕೇರಳದ ಚೆಂಡ ಇದರ ಅಣ್ಣ, ಗಾತ್ರದಲ್ಲಿ ದೊಡ್ಡದು.

ಇಷ್ಟು ಬಿಗಿಯನ್ನು ಹೊರಬೇಕಾದ್ದರಿಂದ ಚಂಡೆಯಲ್ಲಿ ಮರದ ಪಾಲು ದೊಡ್ಡದು. ಹಲಸಿನ ಹಳದಿ ಚೇಗನ್ನೇ ಆರಿಸಬೇಕು, ಬಿಳಿ ಹೊರಮರಕ್ಕೆ ಹುಳು ಹಿಡಿಯುತ್ತದೆ. ಕಡಿದ ದಿಮ್ಮಿಯ ತುದಿಗಳು ನಡುವಿಗಿಂತ ಬೇಗ ಒಣಗಿ ಸೀಳುತ್ತವೆ, ಆದ್ದರಿಂದ ತುದಿಗೆ ಸಗಣಿಯನ್ನೋ ಮೇಣವನ್ನೋ ಬಳಿದು ನೆರಳಿನಲ್ಲಿ ತಿಂಗಳುಗಟ್ಟಲೆ ಇಡಬೇಕು. ಹಸಿ ಮರದಲ್ಲಿ ಕೊರೆದ ಚಂಡೆ ಮೊದಲ ಬೇಸಿಗೆಯಲ್ಲೇ ಬಾಯಿ ಅಂಡಾಕಾರವಾಗುತ್ತದೆ. ಆಮೇಲೆ ಬಳೆ ಸರಿಯಾ‌ಗಿ ಕೂರುವುದಿಲ್ಲ, ಎಷ್ಟು ಹಗ್ಗ ಎಳೆದರೂ ಒಂದು ಬದಿ ಸಡಿಲವೇ.

ಈ ಮೂರೂ ವಾದ್ಯಗಳ ದೊಡ್ಡ ಶತ್ರು ನಮ್ಮ ಹವೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಚರ್ಮ ಗಾಳಿಯ ತೇವ ಹೀರಿ ಉದ್ದವಾಗುತ್ತದೆ, ಶ್ರುತಿ ಇಳಿಯುತ್ತದೆ. ದೀಪಾವಳಿಯ ನಂತರ ಹೊರಟ ಮೇಳಗಳು ಮಳೆಗಾಲಕ್ಕೆ ಮುಂಚೆ ತಿರುಗಾಟ ಮುಗಿಸುವುದಕ್ಕೆ ಕೆಸರು ಗದ್ದೆಯೊಂದೇ ಕಾರಣವಲ್ಲ, ಹಿಮ್ಮೇಳವೂ ಒಂದು ಕಾರಣ. ಪುಷ್ಯ, ಮಾಘದ ಚಳಿಯಲ್ಲಿ ಕೂಡ ನಡುರಾತ್ರಿ ಕಳೆದ ಮೇಲೆ ಇಬ್ಬನಿ ಬಿದ್ದು ಮದ್ದಳೆ ಇಳಿಯುತ್ತದೆ. ಆಗ ಹೆಣಿಗೆಯ ಮೇಲೆ ಸುತ್ತಲೂ ಒಂದೇ ಸಮ ಪೆಟ್ಟು ಕೊಟ್ಟು ಏರಿಸಿಕೊಳ್ಳುತ್ತಾರೆ. ಒಂದು ಕಣ್ಣಿಗೆ ಹೊಡೆದರೆ ಅದರ ಎದುರಿನದಕ್ಕೂ ಹೊಡೆಯಬೇಕು. ಸಾಲಾಗಿ ಹೊಡೆಯುತ್ತ ಹೋದರೆ ಮುಚ್ಚಿಗೆ ವಾರೆಯಾಗುತ್ತದೆ, ಕರಣೆ ನಡುವಿನಿಂದ ಸರಿಯುತ್ತದೆ. ಮಳೆಗಾಲದಲ್ಲಿ ಮುಚ್ಚಿಗೆಯನ್ನು ತುಸು ಸಡಿಲಿಸಿ, ಬಟ್ಟೆ ಸುತ್ತಿ, ಬೆಚ್ಚಗಿನ ಅಟ್ಟದಲ್ಲಿಡುವುದು ಹಳೆಯ ರೂಢಿ. ಬಿಗಿಯಾಗಿಯೇ ಬಿಟ್ಟರೆ ಒದ್ದೆಯಲ್ಲಿ ಉದ್ದವಾಗಿ, ಒಣಗಿದಾಗ ಕುಗ್ಗಿ, ಮತ್ತೆ ಉದ್ದವಾಗಿ ಚರ್ಮದ ಕಸುವು ಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದಂತೂ ಬೂಸ್ಟು ಬೆಳೆಸಿದಂತೆಯೇ.

ಹಿಮ್ಮೇಳದ ಶ್ರುತಿಯ ಕಥೆಯೂ ಇದಕ್ಕೆ ಸೇರಿದ್ದೇ. ಮೊದಲು ಶ್ರುತಿಗೆ ಇದ್ದದ್ದು ಸೋರೆ ಬುರುಡೆಯ ಪುಂಗಿ, ಬಿಡದೆ ಊದುವ ವಾದ್ಯ. ಅದರ ಜಾಗಕ್ಕೆ ಹಾರ್ಮೋನಿಯಂ ಬಂತು. ಪ್ಯಾರಿಸ್ಸಿನ ಡೆಬೆಯ್ನ್ ಎಂಬವರು 1842ರಲ್ಲಿ ಹಕ್ಕುಪತ್ರ ಪಡೆದ, ಕಾಲಿನಿಂದ ಗಾಳಿ ತುಂಬುವ ವಾದ್ಯ ಕಲ್ಕತ್ತೆಯಲ್ಲಿ ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯಾಗಿ ದೇಶವಿಡೀ ಹರಡಿತು. ಈಗ ಅದೂ ಹೋಗಿ ವಿದ್ಯುತ್ ಶ್ರುತಿಪೆಟ್ಟಿಗೆ ಇದೆ. ಆದರೆ ಇಂದಿಗೂ ಭಾಗವತರ ಶ್ರುತಿ ಎಷ್ಟು ಎಂದು ಕೇಳಿದರೆ ಬರುವ ಉತ್ತರ ಕಪ್ಪು ಎರಡು, ಬಿಳಿ ನಾಲ್ಕು ಎಂದೇ, ಹಾರ್ಮೋನಿಯಂ ಮನೆಗಳ ಬಣ್ಣದಲ್ಲಿ. ಮದ್ದಳೆ ಮಾಡುವವರಿಗೂ ಅದೇ ಲೆಕ್ಕದಲ್ಲಿ ಹೇಳಿ ಮಾಡಿಸುತ್ತಾರೆ. ಎತ್ತರದ ಶ್ರುತಿಗೆ ಸಣ್ಣ ಬಾಯಿ, ತಗ್ಗಿಗೆ ಅಗಲ ಬಾಯಿ. ಬಿಳಿ ನಾಲ್ಕಕ್ಕೆ ಮಾಡಿದ ಮದ್ದಳೆಯನ್ನು ಕಪ್ಪು ಎರಡಕ್ಕೆ ಇಳಿಸಿದರೆ ಚರ್ಮ ಸಡಿಲವಾಗಿ ಸ್ವರ ಬಿಟ್ಟುಕೊಡುವುದಿಲ್ಲ, ಕಪ್ಪು ಎರಡರದ್ದನ್ನು ಬಿಳಿ ನಾಲ್ಕಕ್ಕೆ ಏರಿಸಿದರೆ ಹರಿಯುತ್ತದೆ. ಆದ್ದರಿಂದ ಬೇರೆ ಬೇರೆ ಭಾಗವತರ ಜೊತೆ ಕೂರುವ ಮದ್ದಳೆಗಾರರು ಒಂದಕ್ಕಿಂತ ಹೆಚ್ಚು ಮದ್ದಳೆ ಹೊರಬೇಕಾಗುತ್ತದೆ.

ಫೈಬರ್ ಹಾಳೆ ಈ ತೊಂದರೆಗಳಲ್ಲಿ ಅರ್ಧವನ್ನು ನೀಗಿಸಿದೆ. ಅದು ನೀರು ಹೀರುವುದಿಲ್ಲ, ಕಾಯಿಸುವುದು ಬೇಡ. ಒಡಲಿಗೆ ಕಬ್ಬಿಣದ ಬಳೆ, ಬೋಲ್ಟು ಹಾಕಿದರೆ ಸ್ಪ್ಯಾನರಿನಿಂದ ಶ್ರುತಿ ಏರಿಸಬಹುದು. ತಮಟೆಗೆ ಇದು ಹೊಂದಿದೆ, ಏಕೆಂದರೆ ತಮಟೆಗೆ ಬೇಕಾದದ್ದು ಬಿಗಿ ಮತ್ತು ಬಿರುಸು. ಚಂಡೆಗೂ ಒಂದು ಮಟ್ಟಿಗೆ ಹೊಂದೀತು. ಗುಮಟೆಗೆ ಹಾಕಿದರೆ ಪೆಟ್ಟಿನ ಮೊದಲ ಸದ್ದು ಚುರುಕಾಗಿ, ಹಿಂದಿನ ಗುಂ ತೆಳುವಾಗುತ್ತದೆ. ಚರ್ಮದ ಮೆದುವು ಅಂಗೈಯ ಕೆಳಗೆ ಇರುವುದಿಲ್ಲ. ಮದ್ದಳೆಯಲ್ಲಿ ಅದು ಸೋಲುವುದು ಕರಣೆಯ ಹತ್ತಿರ. ನುಣುಪು ಹಾಳೆಯ ಮೇಲೆ ಅನ್ನ ಕಿಟ್ಟ ಅಂಟಿ ನಿಲ್ಲುವುದಿಲ್ಲ, ಹೊಳೆಗಲ್ಲಿನಿಂದ ತಿಕ್ಕಿದರೆ ಪದರವೇ ಎದ್ದುಬರುತ್ತದೆ. ಅಚ್ಚು ಹಾಕಿದ ರಬ್ಬರಿನ ಕಪ್ಪು ಬಿಲ್ಲೆ ಅಂಟಿಸಿದರೆ ಭಾರವೇನೋ ಕೂರುತ್ತದೆ, ಬಿರುಕುಗಳ ಬಲೆ ಇರುವುದಿಲ್ಲ. ಬೇಕಾದ ಬಳುಕನ್ನು ರಬ್ಬರೇ ಕೊಡಬೇಕು, ಅದು ಕಂಪನವನ್ನು ಹೀರಿಕೊಂಡು ನಾದವನ್ನು ಬೇಗ ನಿಲ್ಲಿಸಿಬಿಡುತ್ತದೆ. ಕಲಿಯುವ ಮಕ್ಕಳ ಮಳೆಗಾಲದ ಅಭ್ಯಾಸಕ್ಕೆ ಅಂಥ ಮದ್ದಳೆ ಸಾಕು. ಆಟಕ್ಕೆ, ತಾಳಮದ್ದಳೆಗೆ ಈಗಲೂ ಆಡಿನ ಚರ್ಮ, ಕಿಟ್ಟ, ಅನ್ನ, ಮತ್ತು ತಿಕ್ಕುವ ಕಲ್ಲೇ ಬೇಕು.